ಲೀಟರಿಗೆ ನೂರು ರೂಪಾಯಿ, ಶಾರ್ಜಾದಲ್ಲೂ ಉಡುಪಿಯಲ್ಲೂ

2022ರ ಜುಲೈ ತಿಂಗಳಲ್ಲಿ ಯುಎಇಯಲ್ಲಿ ಸ್ಪೆಷಲ್ 95 ಪೆಟ್ರೋಲಿನ ದರ ಲೀಟರಿಗೆ 4 ದಿರ್ಹಮ್ 52 ಫಿಲ್ಸ್. ಅದಕ್ಕಿಂತ ಮೇಲಿನ ಸೂಪರ್ 98ಕ್ಕೆ 4.63. ಈ 95, 98 ಅನ್ನುವುದು ಪೆಟ್ರೋಲಿನ ದರ್ಜೆ ತೋರಿಸುವ ಆಕ್ಟೇನ್ ನಂಬರು. ಅಲ್ಲಿಯವರೆಗೆ ಆ ದೇಶದಲ್ಲಿ ಪೆಟ್ರೋಲ್ ಅಷ್ಟು ದುಬಾರಿ ಆಗಿರಲಿಲ್ಲ. ಆಗ ಒಂದು ದಿರ್ಹಮಿಗೆ ಸುಮಾರು ಇಪ್ಪತ್ತೊಂದೂವರೆ ರೂಪಾಯಿ. ಗುಣಿಸಿದರೆ ಸ್ಪೆಷಲ್‌ಗೆ 97 ರೂಪಾಯಿ, ಸೂಪರ್‌ಗೆ ನೂರರ ಹತ್ತಿರ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಪೆಟ್ರೋಲ್ 101 ರೂಪಾಯಿ 94 ಪೈಸೆ ಇತ್ತು.

ಒಂದು, ತೈಲ ತೆಗೆದು ಲೋಕಕ್ಕೆಲ್ಲ ಮಾರುವ ದೇಶ. ಇನ್ನೊಂದು, ಬೇಕಾದ ಕಚ್ಚಾ ತೈಲದ ದೊಡ್ಡ ಪಾಲನ್ನು ಹೊರಗಿನಿಂದ ತರಿಸುವ ದೇಶ. ಎರಡೂ ಕಡೆ ಬೋರ್ಡಿನ ಮೇಲೆ ಹೆಚ್ಚುಕಡಿಮೆ ಒಂದೇ ಅಂಕಿ. ಹೊಸ ಕೆಲಸಕ್ಕೆ ಅಂತ ಆಗಷ್ಟೇ ಯುಎಇಯ ಶಾರ್ಜಾಕ್ಕೆ ಬಂದಿದ್ದ ನನ್ನ ತಲೆಯಿಂದ ಈ ವಿಷಯ ಹೋಗಲೇ ಇಲ್ಲ. ಆಮೇಲಿನ ತಿಂಗಳುಗಳಲ್ಲಿ ಒಮಾನ್, ಸೌದಿ, ಬಹ್ರೇನ್, ಕುವೈತ್ ಅಂತ ಓಡಾಡಿದೆ. ಹೋದಲ್ಲೆಲ್ಲ ಪೆಟ್ರೋಲ್ ದರ ನೋಡಿದೆ, ಬರೆದಿಟ್ಟುಕೊಂಡೆ.

ನನ್ನ ಕೆಲಸ ತಂಪಿನ ಕೆಲಸ. ಮಂಗಳೂರಿನ ಬೈಕಂಪಾಡಿ ಕಡೆ ಐಸ್ ಪ್ಲಾಂಟು, ಮೀನಿನ ಕೋಲ್ಡ್ ಸ್ಟೋರೇಜುಗಳಲ್ಲಿ ಕಂಪ್ರೆಸರ್ ರಿಪೇರಿ ಮಾಡಿ ಕಲಿತವನು. ಶಾರ್ಜಾದಲ್ಲಿ ಸಿಕ್ಕಿದ್ದೂ ಅದೇ ಕೆಲಸ. ಆದರೆ ಊರಿನಲ್ಲಿ ಮಲ್ಪೆಯಿಂದ ಉಳ್ಳಾಲದವರೆಗೆ ತಿರುಗಿದರೆ ಮುಗಿಯುತ್ತಿತ್ತು. ಇಲ್ಲಿ ಬೆಳಿಗ್ಗೆ ಹೊರಟು ಒಮಾನಿನ ಸೋಹಾರ್‌ಗೆ ಹೋಗಬೇಕು, ಮರುವಾರ ಸೌದಿಯ ದಮ್ಮಾಮ್. ಒಮಾನ್‌ಗೆ ಕಾರಿನಲ್ಲೇ ಹೋಗುವುದು, ಉಳಿದ ಕಡೆಗೆ ವಿಮಾನ. ಕಂಪನಿ ಕಾರು ಕೊಟ್ಟಿತ್ತು. ಪೆಟ್ರೋಲಿಗೆ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ. ಆ ಮೊತ್ತ ನಿಗದಿ ಮಾಡಿದ್ದು ಪೆಟ್ರೋಲ್ ಎರಡು ದಿರ್ಹಮ್ ಚಿಲ್ಲರೆ ಇದ್ದ ಕಾಲದಲ್ಲಿ. ಹಾಗಾಗಿ ದರ ನೋಡುವುದು ನನಗೆ ಸುಮ್ನೆ ಕುತೂಹಲದ ವಿಷಯ ಆಗಿರಲಿಲ್ಲ. ಮೇಲಿನ ದುಡ್ಡು ನನ್ನ ಜೇಬಿನಿಂದಲೇ ಹೋಗುತ್ತಿತ್ತು.

ಯುಎಇಯಲ್ಲಿ ದರ ಬದಲಾಗುವುದು ತಿಂಗಳಿಗೊಮ್ಮೆ. ತಿಂಗಳ ಕೊನೆಗೆ ಸರ್ಕಾರದ ಸಮಿತಿ ಮುಂದಿನ ತಿಂಗಳ ದರ ಹೇಳುತ್ತದೆ. 2015ರ ಆಗಸ್ಟ್ 1ರಿಂದ ಈ ಪದ್ಧತಿ. ಅದಕ್ಕೂ ಮುಂಚೆ ಸ್ಪೆಷಲ್ ಪೆಟ್ರೋಲ್ 1.72 ದಿರ್ಹಮ್‌ನಲ್ಲಿ ನಿಂತಿತ್ತು, ಸರ್ಕಾರ ಸಹಾಯಧನ ಕೊಟ್ಟು ಹಾಗೆ ಇಟ್ಟಿತ್ತು. ಸಹಾಯಧನ ತೆಗೆದು ಲೋಕದ ಮಾರುಕಟ್ಟೆ ದರಕ್ಕೆ ಕಟ್ಟಿದ ಮೊದಲ ತಿಂಗಳೇ ಅದು 2.14 ಆಯಿತು. ಕೊಲ್ಲಿ ದೇಶಗಳಲ್ಲಿ ಹೀಗೆ ಮೊದಲು ಮಾಡಿದ್ದು ಯುಎಇ. ಅದರ ಪೂರ್ತಿ ಅರ್ಥ ಜನರಿಗೆ ಗೊತ್ತಾಗಿದ್ದು 2022ರಲ್ಲಿ. ಯುಕ್ರೇನ್ ಯುದ್ಧ ಶುರುವಾದ ಮೇಲೆ, ಲೋಕದ ತೈಲ ದರಕ್ಕೆ ಅಳತೆಗೋಲಾದ ಬ್ರೆಂಟ್ ಕಚ್ಚಾ ತೈಲ ಮಾರ್ಚಿನಲ್ಲಿ ಒಮ್ಮೆ ಬ್ಯಾರೆಲ್‌ಗೆ 139 ಡಾಲರ್ ಮುಟ್ಟಿ ಬಂತು. ಜನವರಿಯಲ್ಲಿ 2.53 ಇದ್ದ ಸ್ಪೆಷಲ್ ಜೂನ್‌ನಲ್ಲಿ 4.03, ಜುಲೈಯಲ್ಲಿ 4.52. ಜೂನ್ ಕೊನೆಯ ರಾತ್ರಿ ನಮ್ಮ ಏರಿಯಾದ ಬಂಕಿನ ಮುಂದೆ ಕಾರುಗಳ ಸಾಲು ರಸ್ತೆಗೆ ಬಂದಿತ್ತು. ಹನ್ನೆರಡರ ಒಳಗೆ ಟ್ಯಾಂಕ್ ಫುಲ್ ಮಾಡಿಕೊಳ್ಳಬೇಕು ಅಂತ ಎಲ್ಲರಿಗೂ ಅವಸರ. ಪೆಟ್ರೋಲ್ ಹಾಕುತ್ತಿದ್ದ ನೇಪಾಳದ ಹುಡುಗನಿಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ.

ಜುಲೈಯಲ್ಲೇ ಗಡಿಯ ಊರು ಹತ್ತಾ ದಾಟಿ ಒಮಾನ್‌ಗೆ ಹೋದೆ. ಗಡಿ ದಾಟಿದ ಮೇಲೆ ಸಿಕ್ಕ ಬಂಕಿನಲ್ಲಿ 95 ಪೆಟ್ರೋಲ್ ಲೀಟರಿಗೆ 239 ಬೈಸಾ. ಸಾವಿರ ಬೈಸಾ ಸೇರಿದರೆ ಒಂದು ಒಮಾನಿ ರಿಯಾಲ್. ಆ ರಿಯಾಲಿಗೆ ಒಂಬತ್ತೂವರೆ ದಿರ್ಹಮ್. ಅಂದರೆ ಲೀಟರಿಗೆ 2.28 ದಿರ್ಹಮ್, ಶಾರ್ಜಾದ ದರದ ಅರ್ಧ. ಅದೇ ಮರಳುಗಾಡು, ಅದೇ ಕಲ್ಲುಬೆಟ್ಟ. ನಡುವೆ ಒಂದು ಚೆಕ್‌ಪೋಸ್ಟ್ ಅಷ್ಟೇ. ಒಮಾನ್ ಕೂಡ 2016ರಿಂದ ತಿಂಗಳಿಗೊಮ್ಮೆ ದರ ಬದಲಿಸುವ ಪದ್ಧತಿಗೆ ಬಂದಿತ್ತು. ಆದರೆ 2021ರ ನವೆಂಬರಿನಲ್ಲಿ ಅಲ್ಲಿನ ಸುಲ್ತಾನರು ಅಕ್ಟೋಬರ್ ದರಕ್ಕಿಂತ ಮೇಲೆ ಹೋಗಬಾರದು ಅಂತ ಮಿತಿ ಹಾಕಿಸಿದರು. ಲೋಕದ ದರ ಎಷ್ಟೇ ಏರಲಿ, 91ಕ್ಕೆ 229 ಬೈಸಾ, 95ಕ್ಕೆ 239. ಅಲ್ಲಿಂದ ಮೇಲೆ ಆಗುವ ಹೊರೆ ಸರ್ಕಾರದ್ದು.

ಯುಎಇಯ ಅಲ್ ಐನ್ ಊರಿಗೆ ಒಮಾನಿನ ಬುರೈಮಿ ಅಂಟಿಕೊಂಡೇ ಇದೆ. ಅಲ್ಲಿನವರು ಆಗ ಗಡಿ ದಾಟಿ ಟ್ಯಾಂಕ್ ತುಂಬಿಸಿಕೊಂಡು ಬರುತ್ತಿದ್ದರು. ಶಾರ್ಜಾದವರಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ. ಅರವತ್ತು ಲೀಟರಿಗೆ ಉಳಿಯುವುದು 134 ದಿರ್ಹಮ್. ಹೋಗಿಬರುವ ದಾರಿಗೇ ಇಪ್ಪತ್ತು ಲೀಟರ್ ಬೇಕು. ಮೇಲೆ ಗಡಿಯ ಶುಲ್ಕ, ಒಮಾನಿಗೆ ಬೇಕಾದ ವಿಮೆಯ ಆರೆಂಜ್ ಕಾರ್ಡ್. ಕೆಲಸದ ಮೇಲೆ ಹೇಗೂ ಹೋಗುವವನಿಗೆ ಮಾತ್ರ ಲಾಭ.

ನಮ್ಮ ಕರಾವಳಿಯವರಿಗೆ ಈ ಲೆಕ್ಕ ಹೊಸದೇನಲ್ಲ. ತಲಪಾಡಿ ಟೋಲ್ ಹತ್ತಿರ ಕೇರಳದ ನಂಬರಿನ ಗಾಡಿಗಳು ಕರ್ನಾಟಕದ ಬಂಕಿನಲ್ಲಿ ನಿಲ್ಲುವುದನ್ನು ನೋಡಿಯೇ ಬೆಳೆದವರು ನಾವು. ಮಂಜೇಶ್ವರದವರಿಗೆ ನಾಲ್ಕು ಹೆಜ್ಜೆ, ಕಾಸರಗೋಡಿನವರು ಮಂಗಳೂರಿಗೆ ಆಸ್ಪತ್ರೆ ಗೀಸ್ಪತ್ರೆ ಅಂತ ಬಂದಾಗ ತುಂಬಿಸಿಕೊಳ್ಳುತ್ತಾರೆ. ಇನ್ನೂ ಕೆಳಗೆ ಹೋದರೆ ಮಾಹೆ ಇದೆ. ಪುದುಚೇರಿಗೆ ಸೇರಿದ ಆ ಪುಟ್ಟ ಊರಿನ ಹೆದ್ದಾರಿ ಬದಿ ಬಂಕುಗಳಲ್ಲಿ ಯಾವಾಗಲೂ ರಶ್. ಒಂದೇ ದೇಶ, ಒಂದೇ ಕಂಪನಿಯ ಪೆಟ್ರೋಲ್, ಆದರೂ ದರ ಬೇರೆ. ಕಾರಣ ರಾಜ್ಯದ ತೆರಿಗೆ. ಹತ್ತಾ ಗಡಿಯಲ್ಲಿ ನಿಂತಾಗ ನನಗೆ ಅನ್ನಿಸಿದ್ದು ಇದು: ಪೆಟ್ರೋಲಿನ ದರವನ್ನು ನೆಲದ ಕೆಳಗಿನ ತೈಲ ಅಷ್ಟಾಗಿ ತೀರ್ಮಾನ ಮಾಡುವುದಿಲ್ಲ. ಮೇಲೆ ಕುಳಿತವರು ಮಾಡುತ್ತಾರೆ.

ಉಳಿದ ದೇಶಗಳಲ್ಲಿ ಕಂಡದ್ದೂ ಇದೇ. ದಮ್ಮಾಮ್‌ನಲ್ಲಿ 91 ಪೆಟ್ರೋಲಿಗೆ 2.18 ರಿಯಾಲ್, 95ಕ್ಕೆ 2.33. 2021ರ ಜುಲೈಯಲ್ಲಿ ಸೌದಿಯ ದೊರೆ ಹಾಕಿಸಿದ ಮಿತಿ ಅದು. ನಮ್ಮ ದುಡ್ಡಿನಲ್ಲಿ 46, 49 ರೂಪಾಯಿ. ಅಲ್ಲಿಂದ ಸಮುದ್ರದ ಮೇಲಿನ ಸೇತುವೆ ದಾಟಿದರೆ ಬಹ್ರೇನ್. 2018ರಲ್ಲಿ ಏರಿಸಿದ ಮೇಲೆ ಆಗ ಅಲ್ಲಿ 91ಕ್ಕೆ 140 ಫಿಲ್ಸ್, 95ಕ್ಕೆ 200 ಫಿಲ್ಸ್ ಇತ್ತು. ಬಹ್ರೇನ್, ಕುವೈತ್‌ಗಳಲ್ಲಿ ಸಾವಿರ ಫಿಲ್ಸ್ ಸೇರಿದರೆ ಒಂದು ದಿನಾರ್. ಅಂದರೆ 29 ಮತ್ತು 42 ರೂಪಾಯಿ. ಕುವೈತ್ ಎಲ್ಲಕ್ಕಿಂತ ಅಗ್ಗ. 2016ರ ಸೆಪ್ಟೆಂಬರಿನಲ್ಲಿ ಏರಿಸಿದ ಮೇಲೂ 91 ಪೆಟ್ರೋಲಿಗೆ 85 ಫಿಲ್ಸ್, 95ಕ್ಕೆ 105. ಒಂದು ದಿನಾರಿಗೆ ಆಗ 257 ರೂಪಾಯಿ ಆಸುಪಾಸು. ಹಾಗಾದರೆ ಲೀಟರಿಗೆ 22 ರೂಪಾಯಿ!

ಈ ಪಟ್ಟಿಯನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಒಬ್ಬೊಬ್ಬರದ್ದು ಒಂದೊಂದು ಮಾತು. ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ಬಹ್ರೇನ್‌ಗೆ ಹೋದವರು. 1973ರ ತೈಲ ಬಿಕ್ಕಟ್ಟಿನಲ್ಲಿ ಬ್ಯಾರೆಲ್‌ಗೆ 3 ಡಾಲರ್ ಇದ್ದ ತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತಲ್ಲ, ಆ ದುಡ್ಡು ಕಟ್ಟಿದ ರಸ್ತೆ, ಬಂದರು, ಆಸ್ಪತ್ರೆಗಳಿಗೆ ಕೆಲಸಕ್ಕೆ ಅಂತ ಕರಾವಳಿಯಿಂದ ಹೊರಟ ತಲೆಮಾರು ಅವರದ್ದು. ನಮ್ಮೂರಿನಲ್ಲಿ ಪೆಟ್ರೋಲ್ ತುಟ್ಟಿಯಾದ ಕಾಲದಲ್ಲೇ ನಮ್ಮೂರಿಗೆ ಗಲ್ಫಿನ ದುಡ್ಡು ಬರಲು ಶುರುವಾಯಿತು. ಅವರು ಒಂದು ವಿಷಯ ನೆನಪಿಸಿದರು. ಅವರಿಗಿಂತ ಮುಂಚೆ ಅಲ್ಲಿಗೆ ಹೋದವರಿಗೆ ಗುಣಾಕಾರವೇ ಬೇಕಿರಲಿಲ್ಲ. ಕೊಲ್ಲಿಯ ಹಲವು ಊರುಗಳಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಕಡೆಗೆ ಅಂತಲೇ ಬೇರೆ ನೋಟು ಮಾಡಿತು. ಕುವೈತ್ 1961ರಲ್ಲಿ, ಬಹ್ರೇನ್ 1965ರಲ್ಲಿ ದಿನಾರಿಗೆ ಹೋದವು. 1966ರಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದ ಮೇಲೆ ದುಬೈ ಕಡೆಯವರೂ ಕೈಬಿಟ್ಟರು. ಈಗ ಒಂದು ಕುವೈತಿ ದಿನಾರಿಗೆ ನಾವು ಇನ್ನೂರೈವತ್ತಕ್ಕಿಂತ ಜಾಸ್ತಿ ರೂಪಾಯಿ ಎಣಿಸುತ್ತೇವೆ.

ಮಾವ ಮಾತ್ರ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಫೋನ್ ಮಾಡಿದರು. ಅವರದ್ದು ಮಲ್ಪೆಯಲ್ಲಿ ಟ್ರಾಲ್ ಬೋಟ್. ಜೂನ್, ಜುಲೈ ಮೀನುಗಾರಿಕೆಗೆ ರಜೆ, ಬೋಟ್ ದಕ್ಕೆಯಲ್ಲೇ ಇರುತ್ತದೆ. ಮಾತಾಡಲು ಅವರಿಗೂ ಪುರುಸೊತ್ತು.

"ಇಪ್ಪತ್ತೆರಡು ರೂಪಾಯಿ ಅಂತ ಬರೆದಿದ್ದಿಯಲ್ಲ ಮಾರಾಯ, ಅಲ್ಲಿ ಕೂಲಿ ಎಷ್ಟು?" ಅಂತ ಕೇಳಿದರು.

"ಯಾರ ಕೂಲಿ ಮಾವ?"

"ಯಾರದ್ದಾದರೂ. ಕೆಳಗಿನವನದ್ದು ಹೇಳು. ನಮ್ಮ ಬೋಟಿನ ಕಲಾಸಿಯಂಥವನದ್ದು."

ಅವರು ಆ ಪ್ರಶ್ನೆ ಕೇಳಿದ ಮೇಲೆ ರೂಪಾಯಿಗೆ ಗುಣಿಸುವುದನ್ನು ಬಿಟ್ಟು ಬೇರೆ ತರಹ ಲೆಕ್ಕ ಹಾಕಲು ಕೂತೆ. ಒಂದು ದಿನದ ದುಡಿಮೆಗೆ ಎಷ್ಟು ಲೀಟರ್ ಬರುತ್ತದೆ?

ಕುವೈತಿನಲ್ಲಿ ಖಾಸಗಿ ಕೆಲಸದವರಿಗೆ ಸರ್ಕಾರ ಹಾಕಿರುವ ಕನಿಷ್ಠ ಸಂಬಳ ತಿಂಗಳಿಗೆ 75 ದಿನಾರ್. ದಿನಕ್ಕೆ ಎರಡೂವರೆ. ಅದಕ್ಕೆ 29 ಲೀಟರ್ ಪೆಟ್ರೋಲ್ ಬರುತ್ತದೆ. ಶಾರ್ಜಾದಲ್ಲಿ ತಿಂಗಳಿಗೆ ಸಾವಿರ ದಿರ್ಹಮ್ ದುಡಿಯುವ ಹೆಲ್ಪರ್‌ಗಳು ನಮ್ಮ ಸೈಟಿನಲ್ಲೇ ಇದ್ದರು. ಅವರ ದಿನದ ದುಡಿಮೆಗೆ ಜುಲೈಯಲ್ಲಿ ಬಂದದ್ದು ಏಳು ಲೀಟರ್ ಚಿಲ್ಲರೆ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 309 ರೂಪಾಯಿ. ಮೂರು ಲೀಟರ್.

ರೂಪಾಯಿಯಲ್ಲಿ ಶಾರ್ಜಾ ಮತ್ತು ಬೆಂಗಳೂರು ಒಂದೇ ಅನ್ನಿಸಿತ್ತು. ದುಡಿಮೆಯಲ್ಲಿ ಅಳೆದರೆ ನಮ್ಮ ಕಡೆ ಪೆಟ್ರೋಲ್ ಎರಡು ಪಟ್ಟಿಗಿಂತ ಜಾಸ್ತಿ ದುಬಾರಿ. ಹತ್ತು ಸಾವಿರ ದಿರ್ಹಮ್ ಸಂಬಳದ ಮ್ಯಾನೇಜರ್ ಆದರೆ ಅದೇ ಜುಲೈಯಲ್ಲೂ ದಿನಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಲೀಟರ್ ಕೊಳ್ಳಬಹುದು. ಒಂದೇ ಬಂಕು, ಒಂದೇ ಬೋರ್ಡು. ಆದರೆ ಇಬ್ಬರಿಗೆ ಅದು ಒಂದೇ ದರ ಅಲ್ಲ.

ಈ ಲೆಕ್ಕಕ್ಕೂ ಒಂದು ಕೊರತೆ ಇದೆ. ಸಾವಿರ ದಿರ್ಹಮ್‌ನವನು ಪೆಟ್ರೋಲ್ ಕೊಳ್ಳುವುದೇ ಇಲ್ಲ. ಅವನಿಗೆ ಕಾರಿಲ್ಲ. ಕುವೈತಿನಲ್ಲಂತೂ ನಾನು ಹೋದ ಆ ವರ್ಷ ಸಾಮಾನ್ಯ ವಿದೇಶಿ ನೌಕರನಿಗೆ ಡ್ರೈವಿಂಗ್ ಲೈಸೆನ್ಸ್ ಬೇಕಾದರೆ 600 ದಿನಾರ್ ಸಂಬಳ ಬೇಕು, ಡಿಗ್ರಿ ಬೇಕು, ಎರಡು ವರ್ಷ ಅಲ್ಲಿ ವಾಸ ಮಾಡಿರಬೇಕು ಅಂತ ನಿಯಮ ಇತ್ತು. ಡ್ರೈವರ್ ಕೆಲಸಕ್ಕೇ ಬಂದವರಂಥ ಕೆಲವರಿಗೆ ಮಾತ್ರ ವಿನಾಯಿತಿ. 75 ದಿನಾರಿನವನಿಗೆ 29 ಲೀಟರ್ ಅಂತ ನಾನು ಹಾಕಿದ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಆ ಅಗ್ಗದ ಪೆಟ್ರೋಲ್ ಅವನಿಗೆ ಅಲ್ಲವೇ ಅಲ್ಲ. ನಲವತ್ತೈದು ಡಿಗ್ರಿ ಬಿಸಿಲಲ್ಲಿ ಬಸ್ ಕಾಯುತ್ತಾ ನಿಂತವರ ಮುಂದೆ ಒಬ್ಬೊಬ್ಬರೇ ಕುಳಿತ ದೊಡ್ಡ ದೊಡ್ಡ ಗಾಡಿಗಳು ಹೋಗುತ್ತಿದ್ದವು. ಅಗ್ಗದ ಪೆಟ್ರೋಲಿನ ದೇಶ ಅಂತ ಹೊಗಳುವ ಮುಂಚೆ ಆ ಬಸ್ ಸ್ಟಾಪನ್ನೂ ನೋಡಬೇಕು ಅಂತ ನನಗೆ ಬಲವಾಗಿ ಅನ್ನಿಸಿದೆ.

ಹಾಗಾದರೆ ಕೆಳಗಿನವನಿಗೆ ದರದ ಬಿಸಿ ತಟ್ಟುವುದಿಲ್ಲವೇ? ತಟ್ಟುತ್ತದೆ, ಬೇರೆ ದಾರಿಯಲ್ಲಿ. ನನ್ನ ರೂಮ್‌ಮೇಟ್ ಭಟ್ಕಳದವರು. ದುಬೈಯ ಅಲ್ ಕೂಜ್‌ನಲ್ಲಿ ಗೋದಾಮಿನ ಕೆಲಸ. ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಬೆಡ್ ಸ್ಪೇಸ್, ಅಂದರೆ ರೂಮಿನಲ್ಲಿ ಒಂದು ಮಂಚದಷ್ಟು ಜಾಗ. ದಿನವೂ ಹೋಗಿಬರಲು ಕಾರ್‌ಲಿಫ್ಟ್. ಯಾರದ್ದೋ ಕಾರಿನಲ್ಲಿ ನಾಲ್ಕು ಜನ ಸೇರಿ ತಿಂಗಳಿಗೆ ಇಷ್ಟು ಅಂತ ಕೊಟ್ಟು ಹೋಗುವುದು. ಜುಲೈಯಲ್ಲಿ ಕಾರಿನವನು ತಲೆಗೆ ಐವತ್ತು ದಿರ್ಹಮ್ ಏರಿಸಿದ. ಅವನ ತಪ್ಪು ಅಂತ ಹೇಳುವ ಹಾಗಿಲ್ಲ, ಅವನಿಗೂ ಪೆಟ್ರೋಲು, ದುಬೈ ರಸ್ತೆಯ ಸಾಲಿಕ್ ಟೋಲು ಎಲ್ಲ ಇದೆ. ಆದರೆ ಆಗಸ್ಟಿನಲ್ಲಿ ಸ್ಪೆಷಲ್ 3.92ಕ್ಕೆ ಇಳಿಯಿತು. ಸೆಪ್ಟೆಂಬರಿನಲ್ಲಿ 3.30, ಅಕ್ಟೋಬರಿನಲ್ಲಿ 2.92. ಕಾರ್‌ಲಿಫ್ಟ್ ಮಾತ್ರ ಇಳಿಯಲಿಲ್ಲ. ಮೆಸ್ಸಿನ ಊಟದ ದರವೂ ಇಳಿಯಲಿಲ್ಲ. ಏರಿದ ದರ ಕೆಳಗಿನವನ ತನಕ ಬೇಗ ಬರುತ್ತದೆ. ಇಳಿದ ದರ ನಡುವೆ ಎಲ್ಲೋ ಉಳಿದುಹೋಗುತ್ತದೆ. ನನ್ನ ಪೆಟ್ರೋಲ್ ಭತ್ಯೆಯನ್ನು ಕಂಪನಿ ಕೊನೆಗೂ ಏರಿಸಿತು. ಅವರ ಕಾರ್‌ಲಿಫ್ಟ್‌ಗೆ ಭತ್ಯೆ ಕೊಡುವವರು ಯಾರೂ ಇರಲಿಲ್ಲ.

ಮೊದಲ ಪ್ರಶ್ನೆ ಹಾಗೇ ಉಳಿದಿತ್ತಲ್ಲ, ನೂರು ರೂಪಾಯಿ ಎರಡೂ ಕಡೆ ಹೇಗೆ ಬಂತು ಅಂತ. ಅದನ್ನು ಬಿಡಿಸಿ ನೋಡಿದಾಗ ನನಗೇ ಆಶ್ಚರ್ಯ ಆಯಿತು. ಶಾರ್ಜಾದ 97 ರೂಪಾಯಿಯಲ್ಲಿ ವ್ಯಾಟ್ ಶೇಕಡ 5. ಅಂದರೆ ನಾಲ್ಕೂವರೆ ರೂಪಾಯಿ ಹತ್ತಿರ. ಉಳಿದ 92 ರೂಪಾಯಿ ತೈಲದ್ದು, ಮಾರುವವರದ್ದು. ಬೆಂಗಳೂರಿನ 101.94ರಲ್ಲಿ ಕೇಂದ್ರದ ಅಬಕಾರಿ ಸುಂಕ 19.90. ರಾಜ್ಯದ ಮಾರಾಟ ತೆರಿಗೆ ಆಗ ಶೇಕಡ 25.92, ಅದು ಸುಮಾರು 21 ರೂಪಾಯಿ. ಎರಡೂ ಸೇರಿ 41. ತೆರಿಗೆ ತೆಗೆದರೆ ಉಳಿಯುವುದು 61 ರೂಪಾಯಿ, ಡೀಲರ್ ಕಮಿಷನ್ ಸೇರಿ. ತೆರಿಗೆ ಇಲ್ಲದಿದ್ದರೆ ಆ ತಿಂಗಳು ನಮ್ಮ ಬಂಕಿನ ಪೆಟ್ರೋಲ್ ದುಬೈಗಿಂತ ಎಷ್ಟೋ ಅಗ್ಗ!

ಇದಕ್ಕೂ ಕಾರಣ ಇದೆ. ನಮ್ಮಲ್ಲಿ 2017ರ ಜೂನ್‌ನಿಂದ ದಿನವೂ ಬೆಳಿಗ್ಗೆ ಆರಕ್ಕೆ ದರ ಬದಲಾಗಬೇಕು. ಪೆಟ್ರೋಲ್ ದರದ ಮೇಲಿನ ಹಿಡಿತವನ್ನು ಸರ್ಕಾರ ಬಿಟ್ಟದ್ದು 2010ರಲ್ಲೇ. ಆದರೆ 2021ರ ನವೆಂಬರಿನಿಂದ ಮರುವರ್ಷದ ಮಾರ್ಚ್ 21ರವರೆಗೆ ದರ ಕದಲಲಿಲ್ಲ. ಆ ನಡುವೆ ಉತ್ತರ ಪ್ರದೇಶ, ಪಂಜಾಬ್, ಗೋವಾಗಳಲ್ಲಿ ಚುನಾವಣೆ ಇತ್ತು. ಆಮೇಲೆ ಎರಡು ವಾರದಲ್ಲಿ ಹತ್ತು ರೂಪಾಯಿ ಏರಿತು. ಏಪ್ರಿಲ್ 6ರ ನಂತರ ಮತ್ತೆ ನಿಂತಿತು. ಮೇ ತಿಂಗಳಲ್ಲಿ ಕೇಂದ್ರ ಪೆಟ್ರೋಲಿನ ಸುಂಕವನ್ನು 8 ರೂಪಾಯಿ ಇಳಿಸಿತು. ಲೋಕದಲ್ಲಿ ತೈಲ ಏರುತ್ತಿದ್ದಾಗ ಸರ್ಕಾರಿ ತೈಲ ಕಂಪನಿಗಳು ನಷ್ಟಕ್ಕೆ ಮಾರಿದವು. ಹಾಗಾಗಿ ಒಂದು ಕಡೆ ಮಾರುಕಟ್ಟೆ ದರ, ತೆರಿಗೆ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಕಡೆ ತಡೆಹಿಡಿದ ದರ, ಅದರ ಮೇಲೆ ಭಾರಿ ತೆರಿಗೆ. ಬೋರ್ಡಿನ ಮೇಲೆ ಮಾತ್ರ ಎರಡಕ್ಕೂ ನೂರು.

ಕೋವಿಡ್ ವರ್ಷದಲ್ಲಿ ಇದರ ಇನ್ನೊಂದು ಮುಖ ಕಂಡಿತ್ತು. 2020ರ ಏಪ್ರಿಲಿನಲ್ಲಿ ತೈಲ ಕೊಳ್ಳುವವರೇ ಇರಲಿಲ್ಲ. ಯುಎಇಯಲ್ಲಿ ಸ್ಪೆಷಲ್ ಪೆಟ್ರೋಲ್ 1.80 ದಿರ್ಹಮಿಗೆ ಇಳಿದು ಮರುವರ್ಷದ ಫೆಬ್ರವರಿವರೆಗೆ ಅಲ್ಲೇ ಉಳಿಯಿತು. ನಮ್ಮಲ್ಲಿ ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ ಪೆಟ್ರೋಲಿಗೆ 10, ಡೀಸೆಲ್‌ಗೆ 13 ರೂಪಾಯಿ ಸುಂಕ ಏರಿತು. ಇಳಿದ ದರ ಬಂಕಿನವರೆಗೆ ಬರಲೇ ಇಲ್ಲ.

ಅದೇ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಹತ್ತಿರ ಒಂದು ಒಳ್ಳೆಯ ಕೆಲಸವೂ ನಡೆಯಿತು. ಕಾಪು ಹತ್ತಿರದ ಪಾದೂರಿನಲ್ಲಿ ಬಂಡೆ ಕೊರೆದು ನೆಲದ ಕೆಳಗೆ ಮಾಡಿದ ತೈಲ ಸಂಗ್ರಹಾಗಾರ ಇದೆ. 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. ಮಂಗಳೂರಿನಲ್ಲಿ ಇನ್ನೊಂದು, 15 ಲಕ್ಷ ಟನ್ನಿನದ್ದು. ಮೂರನೆಯದು ವಿಶಾಖಪಟ್ಟಣದಲ್ಲಿ. ತೈಲ ನೆಲ ಕಚ್ಚಿದಾಗ ಭಾರತ ಸರ್ಕಾರ ಬ್ಯಾರೆಲ್‌ಗೆ ಸರಾಸರಿ 19 ಡಾಲರಿನಂತೆ ಕೊಂಡು ಇವನ್ನು ತುಂಬಿಸಿತು. ಮಂಗಳೂರಿನ ಸಂಗ್ರಹಾಗಾರದಲ್ಲಿ 2018ರಿಂದಲೇ ಅಬುಧಾಬಿಯ ಸರ್ಕಾರಿ ತೈಲ ಕಂಪನಿ ತನ್ನ ತೈಲ ತಂದು ಇಟ್ಟಿತ್ತು. ನಾನು ಕೆಲಸ ಹುಡುಕಿಕೊಂಡು ಆ ಕಡೆ ಹೋಗುವ ಮುಂಚೆಯೇ ಅವರ ತೈಲ ನಮ್ಮ ಕಡೆ ಬಂದು ಕುಳಿತಿತ್ತು. ಪಾದೂರಿನ ಆ ಬೇಲಿಯ ಪಕ್ಕದ ರಸ್ತೆಯಲ್ಲಿ ಸ್ಕೂಟರ್‌ನಲ್ಲಿ ಹೋಗುವಾಗ ಇದೆಲ್ಲ ಯಾರಿಗೂ ಕಾಣುವುದಿಲ್ಲ. ಬೋರ್ಡಿನ ದರ ಮಾತ್ರ ಕಾಣುತ್ತದೆ.

ದರ ಏರಿದಾಗ ಸರ್ಕಾರಗಳು ಯಾರ ಕೈ ಹಿಡಿಯುತ್ತವೆ ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ವಿಷಯ. 2022ರ ಜುಲೈಯಲ್ಲೇ ಯುಎಇ ಸರ್ಕಾರ ಕಡಿಮೆ ಆದಾಯದ ತನ್ನ ಪ್ರಜೆಗಳಿಗೆ ಹೊಸ ನೆರವು ಹೇಳಿತು. ಪೆಟ್ರೋಲ್ 2.10 ದಿರ್ಹಮ್ ದಾಟಿದರೆ ದಾಟಿದ ಮೊತ್ತದಲ್ಲಿ ಶೇಕಡ 85 ಸರ್ಕಾರ ಕೊಡುತ್ತದೆ. ಮನೆ ಯಜಮಾನನಿಗೆ ತಿಂಗಳಿಗೆ 300 ಲೀಟರ್ ತನಕ. ಒಮಾನಿನಲ್ಲಿ ಕಡಿಮೆ ಆದಾಯದ ಪ್ರಜೆಗಳಿಗೆ ತಿಂಗಳಿಗೆ 200 ಲೀಟರ್ 91 ಪೆಟ್ರೋಲ್ 180 ಬೈಸಾಕ್ಕೆ ಸಿಗುತ್ತಿತ್ತು. ಬೋರ್ಡಿನ ದರ ಎಲ್ಲರಿಗೂ ಒಂದೇ ಇಟ್ಟು, ಬೇಕಾದವನಿಗೆ ಬೇರೆ ದಾರಿಯಲ್ಲಿ ತಲುಪಿಸುವುದು. ಆಲೋಚನೆ ಚೆನ್ನಾಗಿದೆ. ವಿದೇಶಿ ನೌಕರರು ಮಾತ್ರ ಆ ಲೆಕ್ಕದ ಹೊರಗೆ. ನಮ್ಮ ಭಟ್ಕಳದ ರೂಮ್‌ಮೇಟ್, ನೇಪಾಳದ ಬಂಕಿನ ಹುಡುಗ, ನಾನು, ಎಲ್ಲರೂ ಹೊರಗೆ. ಬೇರೆ ದೇಶದ ಖಜಾನೆಯಿಂದ ಅದನ್ನು ಕೇಳುವ ಹಕ್ಕು ನಮಗಿಲ್ಲ, ಅದು ನನಗೆ ಗೊತ್ತು. ಆದರೆ ನಮ್ಮ ದೇಶದಲ್ಲಿ ನಾವು ಪ್ರಜೆಗಳೇ ಅಲ್ವಾ?

ನಮ್ಮಲ್ಲೂ ಅಂಥ ಏರ್ಪಾಡು ಒಂದಿದೆ. ಅದು ಮಾವನ ಬೋಟಿಗೆ ಸಿಗುತ್ತದೆ. ಯಾಂತ್ರಿಕ ಮೀನುಗಾರಿಕಾ ಬೋಟುಗಳಿಗೆ ಕರ್ನಾಟಕ ಸರ್ಕಾರ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡುತ್ತದೆ. 2023ರಲ್ಲಿ ಅದರ ಮಿತಿಯನ್ನು ವರ್ಷಕ್ಕೆ ಒಂದೂವರೆ ಲಕ್ಷದಿಂದ 2 ಲಕ್ಷ ಕಿಲೋಲೀಟರಿಗೆ ಏರಿಸಿದರು. ಹತ್ತು ದಿನ ಆಳಸಮುದ್ರಕ್ಕೆ ಹೋಗಿ ಬರುವ ಬೋಟಿನ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್‌ಗೇ ಹೋಗುತ್ತದೆ. ಮೀನು ಸಿಗದಿದ್ದರೂ ಡೀಸೆಲ್ ಉರಿದಿರುತ್ತದೆ. "ಆ ತೆರಿಗೆ ಬಿಡದಿದ್ದರೆ ಎಷ್ಟೋ ಬೋಟು ದಕ್ಕೆ ಬಿಡುವುದಿಲ್ಲ" ಅಂತ ಮಾವ ಹೇಳುತ್ತಾರೆ. ಸರಿಯಾಗಿ ಗುರಿ ಇಟ್ಟು ಕೊಟ್ಟ ನೆರವು ಏನು ಮಾಡುತ್ತದೆ ಅನ್ನುವುದಕ್ಕೆ ಮಲ್ಪೆ ಬಂದರೇ ಸಾಕ್ಷಿ.

ಆದರೆ ಮಾವನ ಬೋಟಿನ ಕಲಾಸಿ ಸ್ಕೂಟರ್‌ನಲ್ಲಿ ಬಂದರಿಗೆ ಬರುತ್ತಾನೆ. ಅವನಿಗೆ ಯಾವ ವಿನಾಯಿತಿಯೂ ಇಲ್ಲ. ಬೆಳಿಗ್ಗೆ ಮೀನಿನ ಬುಟ್ಟಿ ಕಟ್ಟಿಕೊಂಡು ಮೊಪೆಡ್‌ನಲ್ಲಿ ಮನೆಮನೆಗೆ ಹೋಗುವವರಿಗೂ ಇಲ್ಲ. ಕಟ್ಟಡದ ಕೆಲಸಕ್ಕೆ ಹಳೇ ಬೈಕಿನಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗುವವರಿಗೂ ಇಲ್ಲ. ಮೂವತ್ತು ಲಕ್ಷದ ಕಾರಿನವನು ಒಂದು ಲೀಟರಿಗೆ ಕೊಡುವಷ್ಟೇ ತೆರಿಗೆಯನ್ನು ಇವರೂ ಕೊಡುತ್ತಾರೆ. ಆದಾಯ ತೆರಿಗೆ ಕಟ್ಟುವವರು ನಾವು ಮಾತ್ರ, ಉಳಿದವರು ಪುಕ್ಕಟೆ ತಿನ್ನುತ್ತಾರೆ ಅಂತ ಕೆಲವರು ಮಾತಾಡುವಾಗ ನನಗೆ ಸಿಟ್ಟು ಬರುತ್ತದೆ. ಐವತ್ತು ರೂಪಾಯಿ ಪೆಟ್ರೋಲ್ ಹಾಕಿಸುವ ಮೀನು ಮಾರುವ ಹೆಂಗಸು ಆ ಕ್ಷಣವೇ ಇಪ್ಪತ್ತು ರೂಪಾಯಿ ತೆರಿಗೆ ಕಟ್ಟಿರುತ್ತಾಳೆ.

ಪೆಟ್ರೋಲಿಗೆ ತೆರಿಗೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಕುವೈತ್ ನೋಡಿದ ಮೇಲೆ ಅಂತೂ ಇಲ್ಲ. ತೈಲ ಕೊಂಡು ತರುವ ದೇಶಕ್ಕೆ ಅದರ ಬಳಕೆಗೆ ಒಂದು ಕಡಿವಾಣ ಬೇಕು. ಆ ದುಡ್ಡಿನಿಂದಲೇ ರಸ್ತೆ, ಶಾಲೆ, ಬಸ್ಸು ಆಗಬೇಕು. 2023ರ ಜೂನ್‌ನಿಂದ ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ಸರ್ಕಾರಿ ಬಸ್ ಚೆನ್ನಾಗಿ ಓಡುವ ಕಡೆ ಅದು ಪೆಟ್ರೋಲ್ ದರದಿಂದ ನಿಜವಾದ ಬಿಡುಗಡೆ. ನಮ್ಮ ಉಡುಪಿ, ಮಂಗಳೂರಿನ ಹೆಚ್ಚಿನ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಟಿಕೆಟ್ ಕೊಳ್ಳಲೇಬೇಕು. ಹಾಗಾಗಿ ನಮ್ಮ ಕಡೆ ಎಷ್ಟೋ ಮನೆಗಳಿಗೆ ಸ್ಕೂಟರ್ ಬಿಟ್ಟರೆ ಗತಿ ಇಲ್ಲ.

2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ತೆರಿಗೆಯನ್ನು 25.92ರಿಂದ ಶೇಕಡ 29.84ಕ್ಕೆ ಏರಿಸಿತು. ನಡುವೆ ನೂರರ ಒಳಗೆ ಇಳಿದಿದ್ದ ದರ ಬೆಂಗಳೂರಿನಲ್ಲಿ ಲೀಟರಿಗೆ 3 ರೂಪಾಯಿ ಜಾಸ್ತಿಯಾಗಿ 102.86 ಆಯಿತು. ಆ ವರ್ಷದ ಉದ್ಯೋಗ ಖಾತ್ರಿ ಕೂಲಿ 349. ಆಗಲೂ ಮೂರೂವರೆ ಲೀಟರ್ ತಲುಪಿರಲಿಲ್ಲ. ಶಾರ್ಜಾದಲ್ಲಿ 2025ರ ಮಧ್ಯದ ಹೊತ್ತಿಗೆ ಸ್ಪೆಷಲ್ ಎರಡೂವರೆ ದಿರ್ಹಮ್ ಆಸುಪಾಸಿಗೆ ಬಂದಿತ್ತು. ಅಲ್ಲಿನ ಹೆಲ್ಪರ್‌ನ ದಿನದ ದುಡಿಮೆಗೆ ಹದಿಮೂರು ಲೀಟರ್. ಮಾವನಿಗೆ ಈ ಲೆಕ್ಕ ಕಳಿಸಿದಾಗ ಅವರು ಇನ್ನೊಂದು ಕೇಳಿದರು. "ನಾವು ಕೊಡುವುದರಲ್ಲಿ ಸರ್ಕಾರಕ್ಕೆ ಎಷ್ಟು ಹೋಗ್ತದೆ ಅಂತ ನಿನಗೆ ಲೆಕ್ಕ ಹಾಕಿ ತೆಗೆಯಬೇಕಾಯ್ತಲ್ಲ, ಅದನ್ನು ಬಿಲ್ಲಿನಲ್ಲೇ ಯಾಕೆ ಬರೆಯುವುದಿಲ್ಲ?"

ನಾನೂ ಈಗ ಅದನ್ನೇ ಕೇಳುತ್ತಿದ್ದೇನೆ. ಉಡುಪಿಯ ಹೋಟೆಲಿನಲ್ಲಿ ಊಟ ಮಾಡಿದರೆ ಬಿಲ್ಲಿನ ಕೆಳಗೆ ಸಿಜಿಎಸ್‌ಟಿ ಇಷ್ಟು, ಎಸ್‌ಜಿಎಸ್‌ಟಿ ಇಷ್ಟು ಅಂತ ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ. ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ. ಬಂಕಿನ ಬಿಲ್ಲಿನಲ್ಲಿ ದರ, ಲೀಟರ್, ಒಟ್ಟು ಮೊತ್ತ ಬಿಟ್ಟರೆ ತೆರಿಗೆಯ ಸಾಲೇ ಇರುವುದಿಲ್ಲ. ಕೇಂದ್ರಕ್ಕೆ ಇಷ್ಟು, ರಾಜ್ಯಕ್ಕೆ ಇಷ್ಟು ಅಂತ ಎರಡು ಸಾಲು ಅದರಲ್ಲಿ ಅಚ್ಚಾಗಬೇಕು. ಕನ್ನಡದಲ್ಲೇ ಅಚ್ಚಾಗಬೇಕು.